ಮೂಟೆಯ ನಡುವಿನಿಂದ ಒಂದು ಹಿಡಿ

ನಮ್ಮ ಅಬ್ಬಾ ತಾಜುದ್ದೀನ್ ಅವರಿಗೆ ಒಂದು ಚಾಳಿಯಿತ್ತು. ಮೂಟೆ ಎಂಬುದು ಎಲ್ಲಿ ಕಂಡರೂ ಸರಿ, ಅಂಗಿಯ ತೋಳು ಮೇಲೇರಿಸಿ, ಬಾಯಿಗೆ ಕಟ್ಟಿದ ದಾರ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಹೊರಗೆಳೆದು ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಆರ್.ಟಿ. ನಗರದಲ್ಲಿ ಅವರದು ಹಾಸಿಗೆ ಹೊಲಿಯುವ ಅಂಗಡಿ. ಹತ್ತಿ ಮಾರುವವನು ಮೂಟೆಯ ಮೇಲ್ಭಾಗಕ್ಕೆ ಬೆಳ್ಳನೆಯ ಹೊಸ ಹತ್ತಿ ಹರಡಿ, ಒಳಗೆ ಬೀಜ, ಕಸ, ಯಾರದೋ ತೀರಿಹೋದ ತಾತನ ದಿಂಬಿನ ಹತ್ತಿ ಎಲ್ಲವನ್ನೂ ತುರುಕಿರುತ್ತಾನೆ. ಆದ್ದರಿಂದ ಮೇಲಿನದನ್ನು ನಂಬಬಾರದು, ನಡುವಿನದನ್ನು ನೋಡಬೇಕು. ಇದು ಅವರ ವ್ಯಾಪಾರವೂ ಹೌದು, ವೇದಾಂತವೂ ಹೌದು.

ನಮ್ಮ ಚಿಕ್ಕಮ್ಮನ ಮಗಳಿಗೆ ಗಂಡು ನೋಡಲು ಹೋದಾಗ ಎಲ್ಲರೂ ಶರಬತ್ತು ಕುಡಿಯುತ್ತಿದ್ದರೆ ಇವರು ಒರಗಿ ಕೂತಿದ್ದ ದಿಂಬಿನ ಹೊಲಿಗೆ ಬಿಡಿಸಿ, ಒಂದು ಚಿಟಿಕೆ ಹತ್ತಿ ತೆಗೆದು ಮೂಸಿ, "ಹಳೇದು, ಎರಡು ಸಲ ಹಿಂಜಿ ತುಂಬಿದ್ದಾರೆ. ದಿಂಬಿಗೇ ಮೋಸ ಮಾಡೋರು ಹುಡುಗಿಗೆ ಬಿಡ್ತಾರಾ?" ಎಂದು ಅಲ್ಲೇ ಕೇಳಿದ್ದರು. ಆ ಸಂಬಂಧ ಕೂಡಿಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಎಂಬತ್ತೊಂದರ ಬೇಸಿಗೆಯಲ್ಲಿ ನನ್ನ ತಂಗಿ ದಿಲ್ಶಾದ್ ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದಳು. ನಮ್ಮ ಮನೆತನದಲ್ಲಿ ಈ ಅಪರಾಧವನ್ನು ಅದಕ್ಕೂ ಮೊದಲು ಯಾರೂ ಮಾಡಿರಲಿಲ್ಲ. ಒಂದು ದಿನ ಬೀದಿಗೆಲ್ಲ ಸಿಹಿ ಹಂಚಿದ್ದಾಯಿತು. ಅದು ಅರಗುವ ಮೊದಲೇ ಯಲಹಂಕದಿಂದ ಹಿಟ್ಟಿನ ಗಿರಣಿಯ ಅಕ್ಬರ್ ಪಾಷಾ ಹೇಳಿ ಕಳಿಸಿದರು. ಅವರ ಮಗನಿಗೆ ಓದಿದ ಹುಡುಗಿ ಬೇಕಂತೆ, ಆದರೆ ತುಂಬಾ ಓದಿದವಳು ಬೇಡವಂತೆ. ಸಿನಿಮಾ ಪೋಸ್ಟರ್ ಓದಬೇಕು, ಗಂಡನ ಮುಖಕ್ಕೆ ಎದುರುತ್ತರ ಓದಿ ಹೇಳಬಾರದು. ಎಸ್ಸೆಸ್ಸೆಲ್ಸಿ ಈ ಅಳತೆಗೆ ಹೊಲಿಸಿದ ಹಾಗಿತ್ತು.

ದಿಲ್ಶಾದ್ ಊಟದ ಹೊತ್ತಿಗೆ ತಟ್ಟೆ ನೋಡುತ್ತಾ, "ನಾನು ಪಿಯುಸಿಗೆ ಸೈನ್ಸ್ ತಗೋತೀನಿ" ಅಂದಳು.

"ಸೈನ್ಸ್ ಓದಿ ಏನಾಗ್ತೀಯ?" ಅಬ್ಬಾ ಕೇಳಿದರು.

"ಗೊತ್ತಿಲ್ಲ ಅಬ್ಬಾ."

"ಡಾಕ್ಟರಾ?"

"ಅದಕ್ಕೆ ಇನ್ನೂ ಜಾಸ್ತಿ ಮಾರ್ಕ್ಸ್ ಬೇಕು."

"ಮತ್ತೆ?"

"ಗೊತ್ತಿಲ್ಲ ಅಂದ್ನಲ್ಲ."

"ಏನಾಗ್ತೀನಿ ಅಂತ ಗೊತ್ತಿಲ್ದೆ ಯಾರಾದ್ರೂ ಮನೆಯಿಂದ ಕಾಲು ಆಚೆ ಇಡ್ತಾರಾ?"

ಅಡುಗೆಮನೆಯಿಂದ ಅಮ್ಮಿ ಕುಲ್ಸುಮ್ ದನಿ ಬಂತು. "ನಿಮ್ಮ ಮಗ ಎಂಟನೇ ಕ್ಲಾಸಲ್ಲಿ ಇಟ್ಟ. ಇನ್ನೂ ಗೊತ್ತಾಗಿಲ್ಲ."

ನಾನು ರೊಟ್ಟಿ ಮುರಿಯುವುದರಲ್ಲಿ ಮಗ್ನನಾದೆ. ಎಂಟನೇ ಕ್ಲಾಸಿನ ವಿಜ್ಞಾನದ ಮೇಷ್ಟ್ರು ಆಮ್ಲಜನಕ ತಯಾರಿಸುವ ವಿಧಾನವನ್ನು ಮೂರು ದಿನ ಬೋರ್ಡಿನ ಮೇಲೆ ಬರೆಸಿದ್ದರು. ಒಂದು ಸಲ ತಯಾರಿಸಿ ತೋರಿಸಿ ಸಾರ್ ಎಂದು ಕೇಳಿದ್ದಕ್ಕೆ ಕೆನ್ನೆ ಊದುವ ಹಾಗೆ ಕೊಟ್ಟರು. ಬೀರುವಿನಲ್ಲಿ ಸಾಮಾನೆಲ್ಲ ಇತ್ತು, ಬೀಗವೂ ಇತ್ತು, ಬೀಗದ ಕೈ ಮಾತ್ರ ಇನ್‌ಸ್ಪೆಕ್ಷನ್ ದಿನ ಬರುತ್ತಿತ್ತು. ಮಾರನೆಯ ದಿನದಿಂದ ನಾನು ಆ ಕಡೆ ತಲೆ ಹಾಕಲಿಲ್ಲ. ಆದರೆ ವಿಜ್ಞಾನ ನನ್ನನ್ನು ಬಿಡಲಿಲ್ಲ. ಕೋಗಿಲು, ತಣಿಸಂದ್ರದ ಗದ್ದೆಗಳಲ್ಲಿ, ಹೆಬ್ಬಾಳ ಕೆರೆಯ ಅಂಚಿನಲ್ಲಿ ಕಪ್ಪೆ ಹಿಡಿದು, ಒದ್ದೆ ಗೋಣಿಚೀಲಕ್ಕೆ ತುಂಬಿ, ಸೈಕಲ್ ಮೇಲೆ ಹೇರಿಕೊಂಡು ಕಾಲೇಜುಗಳಿಗೆ ಕೊಡುವುದು ನನ್ನ ಕಸುಬಾಯಿತು. ಸೈನ್ಸ್ ಓದುವವರು ಕಪ್ಪೆಯ ಹೊಟ್ಟೆ ಬಗೆದು ನೋಡಬೇಕಂತೆ. ನೋಡಲಿ, ನನ್ನ ಹೊಟ್ಟೆಯೂ ಅದರಿಂದಲೇ ತುಂಬುತ್ತಿತ್ತು. ಮನೆಯಲ್ಲಿ ಮಾತ್ರ "ಕಾಲೇಜಿಗೆ ಸಾಮಾನು ಸಪ್ಲೈ ಮಾಡ್ತೀನಿ" ಎಂದು ಹೇಳಿದ್ದೆ. ಕಪ್ಪೆ ಎಂದರೆ ಅಮ್ಮಿ ನನ್ನ ತಟ್ಟೆಯನ್ನೇ ಬೇರೆ ಇಡುತ್ತಿದ್ದಳು. ದಿಲ್ಶಾದ್ ಅಂತೂ ಹಲ್ಲಿ ಕಂಡರೆ ಪಕ್ಕದ ಮನೆಗೆ ಓಡುವ ಜಾತಿ.

ಅದೇ ವಾರ ಗಂಗಾನಗರದಿಂದ ಹೆಬ್ಬಾಳದವರೆಗೆ ಗೋಡೆಗೋಡೆಗೂ ಒಂದು ಪೋಸ್ಟರು ಬಿತ್ತು. "ವಿಜ್ಞಾನ ಓದಿದವರಿಗೆ ನೂರಾರು ದಾರಿ. ಪೋಷಕರೇ ಬನ್ನಿ, ನಮ್ಮ ಹಳೆಯ ವಿದ್ಯಾರ್ಥಿಗಳ ಬಾಯಿಂದಲೇ ಕೇಳಿ." ಹಾಕಿಸಿದ್ದು ನಾನು ಕಪ್ಪೆ ಕೊಡುತ್ತಿದ್ದ ಖಾಸಗಿ ಕಾಲೇಜು. ಅಲ್ಲಿ ಕಾಮರ್ಸ್ ಅರ್ಜಿಗೆ ಜನ ಗೇಟಿನ ಆಚೆಯವರೆಗೆ ನಿಲ್ಲುತ್ತಿದ್ದರು, ಸೈನ್ಸ್ ಅರ್ಜಿಯ ಕಿಟಕಿಯಲ್ಲಿ ಗುಮಾಸ್ತ ಮಲಗಿರುತ್ತಿದ್ದ. ಸೈನ್ಸ್ ವಿಭಾಗ ಮುಚ್ಚಿಹೋದರೆ ಮರ್ಯಾದೆ ಹೋಗುತ್ತದೆಂದು ಪ್ರಿನ್ಸಿಪಾಲ್ ಸಿದ್ರಾಮಪ್ಪನವರು ಈ ಸಭೆ ಕಟ್ಟಿದ್ದರು.

ಪೋಸ್ಟರನ್ನು ದಿಲ್ಶಾದ್ ಗೋಡೆಯಿಂದ ಹಸಿಯಾಗಿರುವಾಗಲೇ ಕಿತ್ತು ತಂದು ಅಬ್ಬಾನ ಮುಂದೆ ಹರಡಿದಳು. ಅವರು ದಬ್ಬಳ ಪಕ್ಕಕ್ಕಿಟ್ಟು ಎರಡು ಸಲ ಓದಿಸಿಕೊಂಡರು.

"ಭಾನುವಾರ ನಾನೇ ಬಂದು ನೋಡ್ತೀನಿ. ಮೇಲಿಂದ ಅಲ್ಲ, ನಡುವಿಂದ ತೆಗೆದು ನೋಡ್ತೀನಿ. ಮಾಲು ಸರಿ ಇದ್ರೆ ಅಲ್ಲೇ ಅರ್ಜಿಗೆ ರುಜು ಹಾಕ್ತೀನಿ. ಇಲ್ಲ ಅಂದ್ರೆ ಸೋಮವಾರ ಅಕ್ಬರ್ ಪಾಷಾಗೆ ಹೂಂ ಅಂತೀನಿ. ಆಮೇಲೆ ಅಳೋದು ನಕ್ಕೊ, ಬೇಡ."

"ಅಳಲ್ಲ" ಅಂದಳು ದಿಲ್ಶಾದ್. ಅಬ್ಬಾ ಅತ್ತ ಹೋದ ಮೇಲೆ ನನ್ನ ಅಂಗಿ ಹಿಡಿದುಕೊಂಡಳು. "ಭಾಯಿ, ನಿಂಗೆ ಆ ಕಾಲೇಜು ಗೊತ್ತಲ್ಲ. ಸ್ಟೇಜ್ ಮೇಲೆ ಬರೋರು ದೊಡ್ಡೋರಾ?"

"ಭಾರೀ ದೊಡ್ಡೋರು" ಎಂದೆ. ಅವರು ಯಾರೆಂದು ನನಗೆ ಆಗ ಗೊತ್ತಿರಲಿಲ್ಲ.

ಭಾನುವಾರ ಸಂಜೆ ನಾನೂ ಅಲ್ಲಿಗೆ ಹೋಗಲೇಬೇಕಿತ್ತು. ಭಾಷಣ ಮುಗಿದ ಮೇಲೆ ಪೋಷಕರಿಗೆ ಕಪ್ಪೆಯ ಹೃದಯ ಬಡಿಯುವುದನ್ನು ತೋರಿಸುವ ಕಾರ್ಯಕ್ರಮವಿತ್ತು. ಸಿದ್ರಾಮಪ್ಪನವರು ಎರಡು ಮೂರು ಕಪ್ಪೆ ಸಾಕೆಂದಿದ್ದರು. ಆದರೆ ಮಳೆ ಚೆನ್ನಾಗಿ ಬಿದ್ದಿತ್ತು. ಕೆರೆಯಂಚಿನಲ್ಲಿ ಕೈ ಹಾಕಿದಲ್ಲೆಲ್ಲ ದಪ್ಪ ದಪ್ಪ ಹಸಿರು ಕಪ್ಪೆ. ನಾನು ಚೀಲ ತುಂಬಾ ತಂದೆ. ಬಾಯಿಗೆ ಅಬ್ಬಾನ ಅಂಗಡಿಯಿಂದ ಎತ್ತಿಕೊಂಡ ಹಾಸಿಗೆ ದಾರವನ್ನೇ ಬಿಗಿದಿದ್ದೆ. ಅಷ್ಟು ಗಟ್ಟಿ ದಾರ ಬೇರೆಲ್ಲೂ ಸಿಗುವುದಿಲ್ಲ.

ಲ್ಯಾಬಿನ ಬೀಗದ ಕೈ ಯಾರ ಹತ್ತಿರವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ಎಂಟನೇ ಕ್ಲಾಸಿನ ಬೀರು ನೆನಪಾಯಿತು. "ಸಭಾಂಗಣದ ಒಳಗೆ ಹಿಂದಿನ ಗೋಡೆ ಪಕ್ಕ ಇಡಯ್ಯ, ಆಮೇಲೆ ನೋಡೋಣ" ಎಂದ ಅಟೆಂಡರ್ ಶಿವಲಿಂಗ. ಇಟ್ಟೆ. ಅಷ್ಟರಲ್ಲಿ ಅಬ್ಬಾ, ದಿಲ್ಶಾದ್ ಬಂದು ಕೊನೆಯ ಬೆಂಚಿನಲ್ಲೇ ಕೂತರು. ಅಬ್ಬಾ ಯಾವ ಸಭೆಗೆ ಹೋದರೂ ಕೊನೆಯಲ್ಲೇ ಕೂರುವುದು. ಮುಂದೆ ಕೂತರೆ ಮೇಲಿನ ಹತ್ತಿ ಮಾತ್ರ ಕಾಣುತ್ತದೆ ಎಂಬ ಲೆಕ್ಕ. ನಾನು ಅವರ ಕಣ್ಣಿಗೆ ಬೀಳದ ಹಾಗೆ ಬಾಗಿಲ ಹತ್ತಿರ ನಿಂತೆ.

ವೇದಿಕೆಯ ಮೇಲೆ ನಾಲ್ಕು ಕುರ್ಚಿ, ಮೂರು ಜನ. ಸಿದ್ರಾಮಪ್ಪನವರು ಮೈಕು ತಟ್ಟಿ, "ನಾಲ್ಕನೆಯವರು ನಮ್ಮ ಗಣಿತದ ಹೆಮ್ಮೆಯ ವಿದ್ಯಾರ್ಥಿ. ಈಗ ಯಶವಂತಪುರದಲ್ಲಿ ಜಾತಕ ಬರೆಯುವುದರಲ್ಲಿ ಹೆಸರು ಮಾಡಿದ್ದಾರೆ. ಇವತ್ತು ಭಾನುವಾರ, ನಾಲ್ಕೂವರೆಯಿಂದ ರಾಹುಕಾಲ. ಅದು ಕಳೆದ ಮೇಲೆ ಬರ್ತೀನಿ ಅಂದಿದ್ದಾರೆ" ಎಂದರು. ವಿಜ್ಞಾನದ ಸಭೆ ಹೀಗೆ ಶುಭಾರಂಭವಾಯಿತು.

ಮೊದಲು ಎದ್ದವರು ಮುಜಫ್ಫರ್, ಬಿ.ಎಸ್ಸಿ., ರಸಾಯನಶಾಸ್ತ್ರ. ಟೆರಿಲಿನ್ ಅಂಗಿ, ಕೈಯಲ್ಲಿ ಒಂದು ಬಾಟಲಿ.

"ಕೆಮಿಸ್ಟ್ರಿ ಓದಿದ್ರಿಂದಲೇ ನಾನು ಇವತ್ತು ಸ್ವಂತ ಉದ್ಯಮಿ. ಬಿಳೀ ಫಿನಾಯಿಲ್. ಯಲಹಂಕದಿಂದ ಯಶವಂತಪುರದವರೆಗೆ ಯಾವ ಬಚ್ಚಲಿಗೆ ಹೋದ್ರೂ ನನ್ನ ವಾಸನೆ ಇದೆ."

ಜನ ಚಪ್ಪಾಳೆ ತಟ್ಟಿದರು. ಅಬ್ಬಾ ಕೊನೆಯ ಬೆಂಚಿನಿಂದ ಎದ್ದು ನಿಂತರು.

"ಸಾಹೇಬ್ರೇ, ಒಂದು ಮಾತು. ಫಿನಾಯಿಲ್ ಮಾಡೋದನ್ನ ಈ ಕಾಲೇಜಲ್ಲಿ ಹೇಳಿಕೊಟ್ರಾ?"

"ಇಲ್ಲ. ನಮ್ಮ ಮಾವ ಹೇಳಿಕೊಟ್ರು."

"ಅವರು ಏನು ಓದಿದ್ರು?"

"ಅವರು... ಓದಿರಲಿಲ್ಲ."

"ಮತ್ತೆ ಸೈನ್ಸು ಎಲ್ಲಿ ಬಂತು?"

ಮುಜಫ್ಫರ್ ಬಾಟಲಿ ತಿರುಗಿಸಿ ತೋರಿಸಿದರು. "ಇಲ್ಲಿ ನೋಡಿ, ಚೀಟಿ ಮೇಲೆ. ಹೆಸರಿನ ಮುಂದೆ ಬಿ.ಎಸ್ಸಿ. ಅಂತ ಹಾಕ್ಸಿದೀನಿ."

ಅಬ್ಬಾ ಕೂತರು. ದಿಲ್ಶಾದ್ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ಎರಡನೆಯವರು ನಾಗಲಿಂಗಪ್ಪ, ಬಿಜಾಪುರದ ಕಡೆಯವರು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಯಾವುದೋ ಕಾರ್ಖಾನೆಯಲ್ಲಿ ಕ್ಯಾಂಟೀನಿನ ಮೇಲ್ವಿಚಾರಕರು. ಮುಖದಲ್ಲಿ ಒಳ್ಳೆಯತನ ತುಂಬಿ ತುಳುಕುತ್ತಿತ್ತು.

"ಫಿಜಿಕ್ಸ್ ಇಲ್ಲದ ಜಾಗಾ ಜಗತ್ತಿನ್ಯಾಗ ಎಲ್ಲೈತ್ರಿ? ಇಡ್ಲಿ ಉಬ್ಬೂದು ಹ್ಯಾಂಗ? ಆವಿಯಿಂದ. ಆವಿ ಅಂದ್ರ ಏನು? ಫಿಜಿಕ್ಸ್. ಸಾಂಬಾರ ಕೆಳಗ ಹೋಗಿ ನೀರು ಮ್ಯಾಲೆ ನಿಲ್ತದಲಾ, ಅದೂ ಫಿಜಿಕ್ಸ್."

"ಸಾಂಬಾರಿಗೆ ನೀರು ಯಾಕೆ ಜಾಸ್ತಿ ಹಾಕ್ತೀರಿ?" ಮುಂದಿನ ಸಾಲಿನಿಂದ ಯಾರೋ ಕೇಳಿದರು. ಅದೇ ಕಾರ್ಖಾನೆಯ ನೌಕರನಿರಬೇಕು.

"ಅದು ಮ್ಯಾನೇಜ್‌ಮೆಂಟ್ ವಿಷಯ್ರಿ. ಫಿಜಿಕ್ಸ್‌ಗೆ ಸಂಬಂಧ ಇಲ್ಲ."

ಜನ ನಕ್ಕರು. ನಾಗಲಿಂಗಪ್ಪನವರೂ ನಕ್ಕರು. ಕೂರುವ ಮೊದಲು ಅವರು ದನಿ ತಗ್ಗಿಸಿ ಒಂದು ಮಾತು ಸೇರಿಸಿದರು. "ನಾ ಲೆಕ್ಚರರ್ ಆಗಬೇಕಂತಿದ್ದೆ. ಆಗಲಿಲ್ಲ. ಆದ್ರ ಖಾಲಿ ಕೂಡಲಿಲ್ಲ, ಅಷ್ಟ." ಈ ಮಾತನ್ನು ಮೈಕು ಸರಿಯಾಗಿ ಹಿಡಿಯಲಿಲ್ಲ, ಚಪ್ಪಾಳೆಯೂ ಬೀಳಲಿಲ್ಲ. ದಿಲ್ಶಾದ್ ಮಾತ್ರ ತಲೆಯೆತ್ತಿ ನೋಡಿದಳು.

ಮೂರನೆಯವರೇ ಆ ದಿನದ ಮದುಮಗ. ಶಿವಪ್ಪ, ಪ್ರಾಣಿಶಾಸ್ತ್ರ, ಚಿನ್ನದ ಪದಕ. ಪದಕವನ್ನು ಕೋಟಿಗೆ ಸಿಕ್ಕಿಸಿಕೊಂಡೇ ಬಂದಿದ್ದರು. ಬ್ಯಾಂಕೊಂದರಲ್ಲಿ ಕ್ಯಾಷಿಯರ್.

"ಪ್ರಾಣಿಶಾಸ್ತ್ರಕ್ಕೂ ಬ್ಯಾಂಕಿಗೂ ಏನು ಸಂಬಂಧ ಅಂತ ಕೇಳ್ತಾರೆ. ನಾನು ಹೇಳ್ತೀನಿ, ಕೌಂಟರಿನ ಈ ಕಡೆ ಬಂದು ಕೂತು ನೋಡಿ, ಆ ಕಡೆ ಎಂಥೆಂಥ ಪ್ರಾಣಿಗಳು ಬರ್ತವೆ ಅಂತ."

ಈ ಸಲ ಸಿದ್ರಾಮಪ್ಪನವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಶಿವಪ್ಪನವರು ಮುಂದುವರಿದು, ಜೀವವಿಕಾಸ, ಶಿಸ್ತು, ಪಿಂಚಣಿ ಇವು ಮೂರೂ ಹೇಗೆ ಒಂದರಿಂದೊಂದು ಹುಟ್ಟಿದವು ಎಂದು ವಿವರಿಸತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀಗ ಹಾಕಿದ ಬೀರುಗಳ ಮುಂದೆ ಇಷ್ಟು ವರ್ಷ ಕೈಕಟ್ಟಿ ನಿಂತು ಬಂದವರು, ಈಗ ಬೀರುವಿನ ಗುಣಗಾನ ಮಾಡುತ್ತಿದ್ದರು. ಇವರಲ್ಲಿ ಒಬ್ಬರನ್ನಾದರೂ ನಂಬಿ ನನ್ನ ತಂಗಿ ಇಲ್ಲಿಗೆ ಬಂದಿದ್ದಳಲ್ಲ. ಇವರು ಇನ್ನೂ ಎರಡು ಮಾತಾಡಿದರೆ ಅವಳು ನೇರವಾಗಿ ಹಿಟ್ಟಿನ ಗಿರಣಿಗೆ ಹೋಗಿ ಬೀಳುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಆ ಹೊತ್ತಿಗೇ ಶಿವಲಿಂಗ ಬಂದು, "ಕಾಫಿ ಲೋಟ ಇಳಿಸಬೇಕು, ಬಾ ಮಗಾ" ಎಂದು ನನ್ನನ್ನು ಹೊರಗೆ ಎಳೆದುಕೊಂಡು ಹೋದ.

ಲೋಟದ ಬುಟ್ಟಿ ಹೊತ್ತು ವಾಪಸ್ಸು ಬಾಗಿಲಿಗೆ ಬಂದಾಗ ಅಬ್ಬಾ ವೇದಿಕೆಯನ್ನು ನೋಡುತ್ತಿರಲಿಲ್ಲ. ಗೋಡೆ ಪಕ್ಕದ ನನ್ನ ಚೀಲವನ್ನು ನೋಡುತ್ತಿದ್ದರು.

"ಏನಪ್ಪಾ ಇದು?" ಎಂದು ನನ್ನ ಮುಂದೆ ಹೋಗುತ್ತಿದ್ದ ಶಿವಲಿಂಗನನ್ನು ಕೇಳಿದರು.

"ಅದಾ? ಸೈನ್ಸ್ ಸಾಮಾನು ಸಾಯಿಬ್ರೇ."

ಅಬ್ಬಾನ ಮುಖ ಬೆಳಗಿತು. ಆಮೇಲೆ ಅವರ ಕಣ್ಣು ಚೀಲದ ಬಾಯಿಯ ಮೇಲೆ ಬಿತ್ತು. "ಇದು ನಮ್ಮ ಅಂಗಡಿ ದಾರ ಅಲ್ವಾ" ಎಂದುಕೊಂಡು ತೋಳು ಮೇಲೇರಿಸಿದರು. ನನ್ನ ಕೈಯಲ್ಲಿ ಬುಟ್ಟಿ ತುಂಬಾ ಲೋಟ. ಕೂಗಿದರೆ ನನ್ನ ಕಸುಬು ಬಯಲಾಗುತ್ತದೆ, ಕೂಗದಿದ್ದರೆ ಚೀಲ. ನಾನು ಇನ್ನೂ ಯೋಚಿಸುತ್ತಿರುವಾಗಲೇ ಅಬ್ಬಾ, ಜೀವಮಾನವೆಲ್ಲ ಆ ಗಂಟನ್ನು ಹಾಕಿದವರು, ಒಂದೇ ಎಳೆತಕ್ಕೆ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿ, ನಡುವಿನಿಂದ ಒಂದು ಹಿಡಿ ಮೇಲೆತ್ತಿದರು.

ಹಿಡಿಯಲ್ಲಿದ್ದುದು ಕಾಲು ಝಾಡಿಸಿತು. ಉಳಿದವು ತೆರೆದ ಬಾಯಿಂದ ಹೊರಗೆ ಬಂದವು. ಒಂದು, ಎರಡು ಎನ್ನುವ ಹಾಗೆ ಅಲ್ಲ, ಹಾಲು ಉಕ್ಕಿದ ಹಾಗೆ.

ಮೊದಲು ಹಿಂದಿನ ಸಾಲಿನ ಹೆಂಗಸರು ಎದ್ದರು. ಆಮೇಲೆ ಎಲ್ಲರೂ. ಕಪ್ಪೆಗಳಿಗೆ ಬೆಳಕಿರುವ ಕಡೆ ಹೋಗುವುದೇ ಸರಿಯೆನಿಸಿರಬೇಕು, ನಡುದಾರಿಯಲ್ಲಿ ಸಾಲಾಗಿ ಮೆರವಣಿಗೆ ಹೊರಟ ಹಾಗೆ ವೇದಿಕೆಗೆ ಹೋದವು. ಒಂದು ಮೆಟ್ಟಿಲು ಹತ್ತಿತು. ಮುಜಫ್ಫರ್ ಕುರ್ಚಿಯ ಮೇಲೆ ನಿಂತು ಫಿನಾಯಿಲ್ ಬಾಟಲಿಯನ್ನು ಕೋವಿಯಂತೆ ಹಿಡಿದುಕೊಂಡರು. ನಾಗಲಿಂಗಪ್ಪನವರು ಪ್ಯಾಂಟನ್ನು ಮಂಡಿಯವರೆಗೆ ಎಳೆದುಕೊಂಡು, "ಅಯ್ಯ ಶಿವನ, ಶಿವನ" ಎನ್ನುತ್ತಾ ಜಾತಕದವರಿಗೆ ಕಾದಿರಿಸಿದ್ದ ಕುರ್ಚಿ ಹತ್ತಿದರು. ಪ್ರಾಣಿಶಾಸ್ತ್ರದ ಚಿನ್ನದ ಪದಕ ಎಲ್ಲರಿಗಿಂತ ಮೇಲೆ ಹೋಯಿತು, ಮೇಜಿನ ಮೇಲೆ, ಹೂದಾನಿಯ ಪಕ್ಕ. ಸಿದ್ರಾಮಪ್ಪನವರು ಮಾತ್ರ ಮೈಕು ಬಿಡಲಿಲ್ಲ.

"ಯಾರೂ ಗಾಬರಿ ಆಗಬ್ಯಾಡ್ರಿ. ಇದು ಪ್ರಾತ್ಯಕ್ಷಿಕೆಯ ಭಾಗ. ಇದು ಪ್ರಾತ್ಯಕ್ಷಿಕೆಯ..." ಎನ್ನುತ್ತಾ ಮೈಕಿನ ವೈರಿನ ಸಮೇತ ಬಾಗಿಲಿನತ್ತ ಹಿಂದೆ ಹಿಂದೆ ನಡೆದರು.

ನಾನು ಬುಟ್ಟಿ ಕೆಳಗಿಟ್ಟು ಹಿಂದಿನ ಗೋಡೆಯತ್ತ ಬಂದು ದಿಲ್ಶಾದ್‌ಳನ್ನು ಹುಡುಕಿದೆ. ಅವಳು ಕೊನೆಯ ಬೆಂಚಿನ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ ಚಪ್ಪಲಿ. ಮುಖ ಸುಣ್ಣದಂತಾಗಿತ್ತು. ಕೆಳಗೆ ಅಬ್ಬಾ, ಕೈಯಲ್ಲಿ ಕಪ್ಪೆ. ಅದು ಅವರ ತೋಳಿನ ಮೇಲೆ ಉಚ್ಚೆ ಹೊಯ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಎಸೆದು ಓಡುತ್ತಿದ್ದರು. ಆದರೆ ಹತ್ತಿ ಕೊಳ್ಳುವವನು ವ್ಯಾಪಾರದ ಮಾತು ಮುಗಿಯುವವರೆಗೆ ಹಿಡಿ ಬಿಡುವುದಿಲ್ಲ.

"ಇದಾ ಸೈನ್ಸು?" ಅಬ್ಬಾ ಕೇಳಿದರು. "ಇದನ್ನ ಕೊಯ್ಯೋದಕ್ಕಾ ನಿಂಗೆ ಕಾಲೇಜು? ನೀನು ನೋಡಿದ್ರೆ ಬೆಂಚ್ ಹತ್ತಿ ನಿಂತಿದೀಯ. ಇಳಿ ಕೆಳಗೆ. ಮನೆಗೆ ನಡಿ. ಆಯ್ತು ನೋಡಿದ್ದು."

"ಇಳಿಯಲ್ಲ ಅಬ್ಬಾ."

"ಇಳಿ ಅಂದೆ."

"ಇಳಿದ್ರೆ ಕಚ್ಚತ್ತೆ." ಚಪ್ಪಲಿಯ ಕೈಯನ್ನು ವೇದಿಕೆಯ ಕಡೆ ಚಾಚಿದಳು. "ಅಲ್ಲಿ ನೋಡಿ, ಗೋಲ್ಡ್ ಮೆಡಲ್ ಟೇಬಲ್ ಮೇಲಿದೆ. ಎಂ.ಎಸ್ಸಿ. ಕುರ್ಚಿ ಮೇಲಿದೆ. ನಾನು ಬರೀ ಎಸ್ಸೆಸ್ಸೆಲ್ಸಿ, ಬೆಂಚ್ ಮೇಲಿದೀನಿ. ಹೆದರೋರು ಸೈನ್ಸ್ ಓದಬಾರ್ದು ಅಂದ್ರೆ ಅವರ್ಯಾರೂ ಓದಬಾರ್ದಿತ್ತು."

ಹತ್ತಿರದಲ್ಲಿ ಬೆಂಚು ಹತ್ತಿದ್ದ ಒಬ್ಬರು ನಕ್ಕರು. ಅಬ್ಬಾ ನಗಲಿಲ್ಲ.

"ಓದಿ ಏನಾದ್ರು ಅವರು? ನೀನೇ ಕೇಳಿದೆಯಲ್ಲ. ಒಬ್ಬ ಬಚ್ಚಲು ತೊಳೆಯೋ ನೀರು ಮಾರ್ತಾನೆ, ಒಬ್ಬ ಇಡ್ಲಿ ಬೇಯಿಸ್ತಾನೆ. ಒಬ್ಬನಾದ್ರೂ ಓದಿದ್ದನ್ನ ಮಾಡ್ತಿದಾನಾ? ಮೇಲೂ ಇದೇ, ಒಳಗೂ ಇದೇ."

"ಹೌ ಅಬ್ಬಾ, ಕೇಳಿದೆ. ಒಬ್ರು ಫಿನಾಯಿಲ್‌ಗೆ ಹೋದ್ರು, ಒಬ್ರು ಕ್ಯಾಂಟೀನ್‌ಗೆ, ಒಬ್ರು ಬ್ಯಾಂಕಿಗೆ. ಇನ್ನೊಬ್ರು ಜಾತಕಕ್ಕೆ ಹೋದ್ರಂತೆ. ಅಂದ್ಕೊಂಡ ಕಡೆ ಯಾರೂ ಹೋಗ್ಲಿಲ್ಲ. ಆದ್ರೂ ಎಲ್ಲೋ ಹೋದ್ರಲ್ಲ." ಅವಳು ಚಪ್ಪಲಿಯ ಕೈಯಿಂದಲೇ ಕಣ್ಣೊರೆಸಿಕೊಂಡಳು. "ನಾನು ಇಲ್ಲಿಂದ ಇಳಿದ್ರೆ ಎಲ್ಲಿಗೆ ಹೋಗ್ತೀನಿ ಅಂತ ನಂಗೆ ಈಗ್ಲೇ ಗೊತ್ತು. ಆ ಗಿರಣಿ ಬಾಗಿಲು ಯಾವ ಬಣ್ಣ ಅನ್ನೋದೂ ಗೊತ್ತು. ನಂಗೆ ಇಡ್ಲಿ ಆದ್ರೂ ಪರವಾಗಿಲ್ಲ ಅಬ್ಬಾ. ಓದ್ತೀನಿ. ಗೊತ್ತಿಲ್ದಿರೋ ಕಡೆ ಹೋಗ್ತೀನಿ."

ಸಭಾಂಗಣದಲ್ಲಿ ಗದ್ದಲ ಇನ್ನೂ ಇತ್ತು. ಅಬ್ಬಾ ಅವಳನ್ನೇ ನೋಡುತ್ತಿದ್ದರು. ಹತ್ತಿಯನ್ನು ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ಬಿಡಿಸಿ ನೋಡುವಾಗ ಅವರ ಕಣ್ಣು ಹಾಗೆ ಸಣ್ಣಗಾಗುವುದನ್ನು ನಾನು ನೋಡಿದ್ದೇನೆ.

ಬಾಗಿಲವರೆಗೆ ಹೋಗಿದ್ದ ಸಿದ್ರಾಮಪ್ಪನವರ ಕಿವಿಗೆ 'ಓದ್ತೀನಿ' ಎಂಬ ಶಬ್ದ ಎಲ್ಲಿದ್ದರೂ ಬೀಳುತ್ತಿತ್ತು. ಕಪ್ಪೆಗಳ ನಡುವೆ ಹಾರಿ ಹಾರಿ ನಮ್ಮ ಹತ್ತಿರ ಬಂದರು. "ಅರ್ಜಿ ತುಂಬೀರೇನವ್ವಾ? ಸೀಟು ಐತಿ. ಬೇಕಾದಷ್ಟು ಐತಿ."

ಅಬ್ಬಾ ಅವರ ಕಡೆ ತಿರುಗಿಯೂ ನೋಡಲಿಲ್ಲ. ಕಪ್ಪೆ ಹಿಡಿದ ಕೈಯನ್ನು ದಿಲ್ಶಾದ್ ಕಡೆ ಚಾಚಿದರು.

"ಹಿಡಿ."

"ಅಬ್ಬಾ."

"ರುಜು ಹಾಕೋಕೆ ನಂಗೆ ಕೈ ಬೇಕಲ್ಲ. ಹಿಡಿ ಇದನ್ನ."

ಅವಳು ಚಪ್ಪಲಿ ಕೆಳಗೆ ಹಾಕಿದಳು. ಅರ್ಜಿಯನ್ನು ನನ್ನತ್ತ ನೀಡಿದಳು. ನಾನು ಅಲ್ಲಿರುವುದು ಅವಳಿಗೆ ಆಗಿನಿಂದಲೂ ಗೊತ್ತಿತ್ತೆಂದು ಕಾಣುತ್ತದೆ. ದುಪಟ್ಟಾ ಕೈಗೆ ಸುತ್ತಿಕೊಂಡು, ಕಣ್ಣು ಮುಚ್ಚಿ, ಕೈ ಮುಂದೆ ಮಾಡಿದಳು. ಅಬ್ಬಾ ಕಪ್ಪೆಯನ್ನು ಅದರಲ್ಲಿಟ್ಟರು. ಅವಳ ಮೈಯೆಲ್ಲ ಒಮ್ಮೆ ಅದುರಿತು. ಬೆಂಚೂ ಅದುರಿತು. ಬಿಡಲಿಲ್ಲ.

"ಕಣ್ಣು ತೆಗಿ. ಕಣ್ಣು ಮುಚ್ಕೊಂಡು ಹಿಡಿಯೋರು ಬೇಕಾದಷ್ಟು ಜನ ಇದ್ದಾರೆ."

ತೆಗೆದಳು. ಸ್ವಲ್ಪ ಹೊತ್ತು ನೋಡಿದಳು. "ಭಾಯಿ, ಇದರ ಗಂಟಲು ನೋಡು, ಎಷ್ಟು ಬೇಗ ಬೇಗ ಅಳ್ಳಾಡ್ತಿದೆ. ಯಾಕೆ ಹಾಗೆ?"

ನನಗೆ ಗೊತ್ತಿರಲಿಲ್ಲ. ಸಾವಿರಾರು ಹಿಡಿದಿದ್ದೆ, ಕೇಳಿಕೊಂಡಿರಲಿಲ್ಲ. ಮೇಜಿನ ಮೇಲಿನ ಚಿನ್ನದ ಪದಕಕ್ಕೆ ಗೊತ್ತಿತ್ತೇನೋ, ಆದರೆ ಅವರು ಇಳಿಯುವ ಸ್ಥಿತಿಯಲ್ಲಿರಲಿಲ್ಲ.

ಅಬ್ಬಾ ಬೆಂಚಿನ ಮೇಲೆ ಅರ್ಜಿಯಿಟ್ಟು, ಸಿದ್ರಾಮಪ್ಪನವರ ಪೆನ್ನು ಇಸಿದುಕೊಂಡು, ಉರ್ದುವಿನಲ್ಲಿ ರುಜು ಹಾಕಿದರು. ಒದ್ದೆ ಕೈಯ ಗುರುತು ಪೂರ್ತಿ ಅರ್ಜಿಗೆ ಬಿತ್ತು. ಸಿದ್ರಾಮಪ್ಪನವರು ಅದನ್ನು ಎರಡು ಬೆರಳಲ್ಲಿ ಹಿಡಿದು, ಇದ್ದೊಂದು ಅರ್ಜಿಯೂ ಹಾರಿಹೋದೀತೆಂಬ ಭಯದಲ್ಲಿ ಎದೆಗೊತ್ತಿಕೊಂಡರು. ಆಗಲೇ ರಾಹುಕಾಲ ಮುಗಿಸಿಕೊಂಡು ಗಣಿತದ ಹಳೆಯ ವಿದ್ಯಾರ್ಥಿ ಬಾಗಿಲಲ್ಲಿ ಕಾಣಿಸಿಕೊಂಡರು. ಒಳಗೆ ನಡೆಯುತ್ತಿದ್ದುದನ್ನು ನೋಡಿ, ಬೆರಳು ಮಡಿಸಿ ಏನೋ ಎಣಿಸಿ, ಹಾಗೆಯೇ ವಾಪಸ್ಸು ಹೋದರು. ಅವತ್ತು ಅಲ್ಲಿ ಓದನ್ನು ಸರಿಯಾಗಿ ಬಳಸಿದವರು ಅವರೊಬ್ಬರೇ.

ಮನೆಗೆ ಬರುವಾಗ ಅಬ್ಬಾ ದಾರಿಯುದ್ದಕ್ಕೂ ಚೀಲದಿಂದ ಬಿಚ್ಚಿದ ದಾರವನ್ನು ಉಂಡೆ ಸುತ್ತುತ್ತಾ ನಡೆದರು. ಬಾಗಿಲ ಹತ್ತಿರ ನಿಂತು, "ದಾರ ಅಂಗಡಿಯಿಂದ ಕೇಳದೆ ಎತ್ತಬೇಡ" ಎಂದರು. ಕಪ್ಪೆಯ ವಿಷಯ ಎತ್ತಲಿಲ್ಲ. ಅಮ್ಮಿ ಮಾತ್ರ ಒಂದು ವಾರ ನನ್ನ ತಟ್ಟೆಯನ್ನು ಬೇರೆ ಇಟ್ಟಳು. ಅಕ್ಬರ್ ಪಾಷಾ ಎರಡು ಸಲ ಹೇಳಿ ಕಳಿಸಿ, ಮೂರನೆಯ ಸಲ ಸಿಟ್ಟು ಮಾಡಿಕೊಂಡು, ಮಗನಿಗೆ ಏಳನೇ ಕ್ಲಾಸಿನವರೆಗೆ ಓದಿದ ಹುಡುಗಿಯನ್ನು ತಂದರು.

ಮರುವರ್ಷವೂ ಅದೇ ಪೋಸ್ಟರು, ಅದೇ ಸಭಾಂಗಣ. ಸಿದ್ರಾಮಪ್ಪನವರು ಒಂದು ದಿನ ಮುಂಚೆ ನನ್ನ ಸೈಕಲ್ ನಿಲ್ಲಿಸಿ, "ವಾಜಿದ್, ಖಾಲಿ ಕುರ್ಚಿಗೆ ನೀವ ಬರ್ರಿ. ಜೀವಶಾಸ್ತ್ರ ಸಾಮಗ್ರಿ ಸರಬರಾಜುದಾರರು ಅಂತ ಬರೆಸ್ತೀನಿ" ಎಂದರು.

"ನಾನು ಎಂಟನೇ ಕ್ಲಾಸು ಸಾರ್."

"ಯಾರು ಕೇಳ್ತಾರ? ವ್ಯಾಪಾರ ವಿಜ್ಞಾನದ್ದ ಅಲಾ?"

ಬೀರುಗಳ ಬೀಗ ತೆಗೆಸಿ ಆಮೇಲೆ ಕರೆಯಿರಿ ಎಂದೆ. ಅವರು ನಕ್ಕು ಬೆನ್ನು ತಟ್ಟಿದರು. ಹಾಸ್ಯ ಎಂದುಕೊಂಡರು.

ನಾನು ವೇದಿಕೆ ಹತ್ತಲಿಲ್ಲ. ಕಪ್ಪೆ ಮಾತ್ರ ಕೊಟ್ಟೆ, ಈ ಸಲ ಹೇಳಿದಷ್ಟೇ, ಮುಚ್ಚಳದ ಡಬ್ಬಿಯಲ್ಲಿ. ಶಿವಪ್ಪನವರು ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಿದ್ದರು. ಭಾಷಣಗಳೆಲ್ಲ ಆದ ಮೇಲೆ, ಎರಡನೇ ಪಿಯುಸಿಯ ಹುಡುಗಿಯೊಬ್ಬಳು ಬಂದು ಕಪ್ಪೆಯ ಹೃದಯ ತೋರಿಸುತ್ತಾಳೆ ಎಂದು ಮೈಕಿನಲ್ಲಿ ಹೇಳಿದರು. ದಿಲ್ಶಾದ್ ಮೇಜಿನ ಹಿಂದೆ ಬಂದು ನಿಂತಳು.

ಅಬ್ಬಾ ಯಾರೂ ಕರೆಯದಿದ್ದರೂ ಅಂಗಡಿ ಮುಚ್ಚಿ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕೋಗಿಲಿನಿಂದ ಬಂದ ಮುನಿಕೆಂಪಮ್ಮ, ಜೊತೆಗೆ ಮಗಳು, ಕಾಲ ಬಳಿ ಬಾಯಿ ಕಟ್ಟಿದ ಒಂದು ಚೀಲ.

"ಸಾಯಿಬ್ರೇ, ನೀವು ಓದ್ವರ್ಷಾನೂ ಬಂದಿದ್ರಂತೆ. ಈ ಸೈನ್ಸು ಓದುದ್ರೆ ಏನಾಗ್ತಾರೆ? ಇಂಗೆ ಮೂರ್ ಜನಾನೂ ಮೂರ್ ತರ ಏಳ್ತಾವ್ರೆ, ನಂಗೊಂದೂ ಅರ್ತ ಆಗ್ಲಿಲ್ಲ."

"ಏನಾಗ್ತಾರೆ ಅಂತ ನಂಗೂ ಗೊತ್ತಿಲ್ಲ ಕಣಮ್ಮ."

"ಮತ್ತೆ ನಿಮ್ ಮಗಳ್ನ ಯಾಕ್ ಆಕಿದ್ರಿ?"

ಅಬ್ಬಾ ವೇದಿಕೆಯ ಕಡೆ ಗಲ್ಲ ಎತ್ತಿ ತೋರಿಸಿದರು. ದಿಲ್ಶಾದ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಇಷ್ಟು ದೂರದಿಂದಲೂ ಅವಳ ಕೈ ನಡುಗುವುದು ಕಾಣುತ್ತಿತ್ತು.

"ಅಲ್ಲಿ ನೋಡಿ. ಇನ್ನೂ ಹೆದರ್ತಾಳೆ. ಹೆದರ್ಕೊಂಡೇ ಮಾಡ್ತಾಳೆ."

ಮುನಿಕೆಂಪಮ್ಮ ನೋಡಿದರು. ಅವರ ಮಗಳು ಇನ್ನೂ ಸರಿಯಾಗಿ ಕಾಣಲೆಂದು ಬೆಂಚಿನ ಮೇಲೆ ಹತ್ತಿ ನಿಂತಳು. ಅಬ್ಬಾನ ಕೈ ಅಭ್ಯಾಸಬಲದಿಂದ ಮುನಿಕೆಂಪಮ್ಮನವರ ಚೀಲದ ಬಾಯಿಗೆ ಹೋಗಿತ್ತು. ಅರ್ಧಕ್ಕೆ ನಿಲ್ಲಿಸಿ, "ಇದರಲ್ಲಿ ಏನಿದೆಯಮ್ಮ?" ಎಂದು ಮೊದಲು ಕೇಳಿದರು.